ಗೊಂಬೆಗೂ ಒಂದು ಮರ ಬೇಕು

ಚನ್ನಪಟ್ಟಣದ ಗೊಂಬೆಗೆ ಬಣ್ಣ ಹತ್ತೋದು ಹೇಗೆ ಗೊತ್ತಾ? ಆಲೆ ಮರದ ತುಂಡು ಲೇತ್ ಮೇಲೆ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಬ್ರಷ್ ಬೇಡ, ಒಲೆ ಬೇಡ. ಎಂಜಿನಿಯರಿಂಗ್ ಓದಿದ ನನಗೇ ಬೆರಗು!

ಪರಿಸರಸ್ನೇಹಿ ಅಂತ ಎಲ್ಲರೂ ಹೊಗಳ್ತೀವಿ. ಆದರೆ ಕಡಿದ ಆಲೆಯ ಜಾಗಕ್ಕೆ ಇನ್ನೊಂದು ಸಸಿ ನೆಡೋರು ಯಾರು? ಅರಗು ಹೆಚ್ಚಾಗಿ ಸಿಗೋದು ದೂರದ ಜಾರ್ಖಂಡ್ ಕಡೆ. ಮರವೂ ದೂರದಿಂದಲೇ ಲಾರಿಯಲ್ಲಿ ಬರಬೇಕಾದರೆ, ಗೊಂಬೆಯಲ್ಲಿ ನಮ್ಮೂರಿನದು ಏನುಳೀತು? ಜಿಐ ಟ್ಯಾಗ್ ಕಾಯೋದು ಹೆಸರನ್ನು, ಮರವನ್ನಲ್ಲ.

ಸರ್ಕಾರ ರೈತರ ಬದುಗಳಲ್ಲಿ ಆಲೆ ನೆಡಿಸಲಿ, ಬೆಳೆದ ಮರಕ್ಕೆ ಬೆಲೆಯ ಖಾತ್ರಿ ಕೊಡಲಿ. ಸಸಿ ಮರವಾಗೋಕೆ ವರ್ಷಗಳೇ ಬೇಕು. ಈ ಮಳೆಗಾಲ ತಪ್ಪಿಸಿಕೊಂಡರೆ, ನಷ್ಟ ನಮ್ಮ ಮಕ್ಕಳದ್ದು.