ಬಾಡಿಗೆ ಕಟ್ಟುವವರು ಯಾರು?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳಿಗೆ ಮಾತಾಡುವುದು ಕಷ್ಟವಲ್ಲ. ಆದರೆ ಇವತ್ತು ನನ್ನದೇ ಒಂದು ತಪ್ಪನ್ನು ಮೊದಲು ಹೇಳಬೇಕು. ನಾನಿನ್ನೂ ಕೆಲಸದಲ್ಲಿದ್ದಾಗ, ಹಳೆಯ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಹತ್ತು ಗಂಟೆಗೆ ಮಗುವನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ತುಟಿ ಒಡೆದಿತ್ತು. ಮದುವೆಯಲ್ಲಿ ಕೊಡುತ್ತೇವೆಂದು ಒಪ್ಪಿಕೊಂಡಿದ್ದ ಸ್ಕೂಟರ್ ಬಂದಿಲ್ಲವೆಂಬುದು ನೆಪ. ನಾಲ್ಕು ದಿನ ಇಟ್ಟುಕೊಂಡೆ. "ಮೇಡಂ, ಒಂದು ರೂಮು ನೋಡಿಕೊಡಿ, ದುಡಿದು ತಿನ್ನುತ್ತೇನೆ" ಎಂದಳು. ಇಬ್ಬರೂ ಬೀದಿ ಬೀದಿ ಅಲೆದೆವು. ಹೋದಲ್ಲೆಲ್ಲ ಮೊದಲ ಪ್ರಶ್ನೆ, "ಯಜಮಾನರು ಎಲ್ಲಿ?" ಎರಡನೆಯದು, ಹತ್ತು ತಿಂಗಳ ಅಡ್ವಾನ್ಸು. ಎರಡಕ್ಕೂ ಅವಳ ಬಳಿ ಉತ್ತರವಿರಲಿಲ್ಲ. ಕೊನೆಗೆ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ನಾನೇ ಬಸ್ಸು ಹತ್ತಿಸಿದೆ. ಬದುಕಿದ್ದಾಳೆ. ಎಡಗಿವಿ ಕೇಳಿಸುವುದಿಲ್ಲ.

ಆಮೇಲಿನಿಂದ, "ಅಷ್ಟು ಹೊಡೆದರೂ ಇವಳೇಕೆ ಬಿಟ್ಟು ಬರುವುದಿಲ್ಲ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಬಂದು ಎಲ್ಲಿರಬೇಕು? ಬಾಡಿಗೆ ಯಾರು ಕಟ್ಟುತ್ತಾರೆ?

ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಳಗಿನಿಂದ ಸಂಜೆವರೆಗೆ ಗಂಟುಮೂಟೆ ಇಟ್ಟುಕೊಂಡು ಕೂತಿರುತ್ತಿದ್ದ ಜನರನ್ನು ಕಂಡೆ. ಓದಲು ಬಂದವರಲ್ಲ, ಬೆಚ್ಚಗಿರಲು ಬಂದವರು. ಸಿರಿವಂತ ದೇಶವೆಂದು ನಾವು ಬಾಯಿಬಿಡುವ ಆ ನಾಡಿನಲ್ಲಿ 2024ರ ಜನವರಿಯ ಎಣಿಕೆಯಲ್ಲಿ ಒಂದೇ ರಾತ್ರಿ ಸಿಕ್ಕ ಮನೆಯಿಲ್ಲದವರು 7,71,480. ಸರ್ಕಾರ ಏನು ಮಾಡುತ್ತದೆಂದು ತಿಳಿಯುವ ಹಟ ಹಿಡಿಯಿತು. ಅದೇ ಗ್ರಂಥಾಲಯದಲ್ಲಿ ಕೂತು ಓದಿದೆ.

ಅಲ್ಲಿ 1987ರಲ್ಲಿ ಮ್ಯಾಕಿನಿ ಕಾಯಿದೆ ಬಂತು, ಮನೆಯಿಲ್ಲದವರ ನೆರವಿಗೆ. 1990ರಲ್ಲಿ 'ಶೆಲ್ಟರ್ ಪ್ಲಸ್ ಕೇರ್' ಎಂಬ ಯೋಜನೆ. ನೆಲೆಯ ಜೊತೆಗೆ ಆರೈಕೆ ಎಂದಿಟ್ಟುಕೊಳ್ಳಿ. ತೀವ್ರ ಮಾನಸಿಕ ಕಾಯಿಲೆ, ಕುಡಿತ ಅಥವಾ ಮಾದಕವಸ್ತುವಿನ ಚಟ, ಏಡ್ಸ್ ಇವುಗಳಿಂದ ನರಳುತ್ತ ಬೀದಿಗೆ ಬಿದ್ದವರಿಗಾಗಿ ಇದು. ಕೇಂದ್ರ ಸರ್ಕಾರ ಬಾಡಿಗೆಗೆ ಹಣ ಕೊಡುತ್ತಿತ್ತು. ಅಷ್ಟೇ ಬೆಲೆಯ ಆರೈಕೆಯನ್ನು, ಅಂದರೆ ವೈದ್ಯರು, ಆಪ್ತಸಲಹೆ, ಕೆಲಸ ಕಲಿಸುವುದು ಮುಂತಾದವನ್ನು, ಸ್ಥಳೀಯರು ಹೊಂದಿಸಬೇಕಿತ್ತು. ಬಾಡಿಗೆದಾರರು ಕೆಲವು ಖರ್ಚು ಕಳೆದು ಉಳಿದ ಆದಾಯದ ನೂರಕ್ಕೆ ಮೂವತ್ತರಷ್ಟು ಕೊಟ್ಟರೆ ಸಾಕಿತ್ತು. ಲೆಕ್ಕಕ್ಕೆ 800 ಡಾಲರ್ ಸಿಕ್ಕರೆ 240 ಅವರದು, ಮಿಕ್ಕ ಬಾಡಿಗೆ ಯೋಜನೆಯಿಂದ ನೇರ ಮನೆ ಮಾಲೀಕನಿಗೆ. 2009ರ ಕಾಯಿದೆಯ ನಂತರ ಇದು ಇನ್ನೊಂದು ದೊಡ್ಡ ಕಾರ್ಯಕ್ರಮದಲ್ಲಿ ಸೇರಿಹೋಯಿತು. ಕ್ರಮ ಮಾತ್ರ ಹೆಚ್ಚುಕಡಿಮೆ ಅದೇ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಜಗಳ. ಮೊದಲು ಕುಡಿತ ಬಿಡು, ಮಾತ್ರೆ ನುಂಗು, ನೆಟ್ಟಗಾಗು, ಆಮೇಲೆ ಮನೆ ಎನ್ನುವುದು ಹಳೆಯ ಪದ್ಧತಿ. 1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಅದನ್ನು ತಲೆಕೆಳಗು ಮಾಡಿದರು: ಮೊದಲು ಬೀಗದ ಕೈ ಕೊಡಿ, ಉಳಿದದ್ದು ಆಮೇಲೆ. ಕೆನಡಾ ದೇಶ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರೊಡನೆ ಇದನ್ನು ಪರೀಕ್ಷಿಸಿತು. ಮೊದಲು ಮನೆ ಪಡೆದವರೇ ಹೆಚ್ಚು ಮಂದಿ ಮನೆಯಲ್ಲಿ ಉಳಿದರು. ನಾವು ಹೆಣ್ಣುಮಕ್ಕಳಿಗೆ ಹೇಳುವುದೂ ಹಳೆಯ ಪದ್ಧತಿಯದೇ ಅಲ್ಲವೇ? ಮೊದಲು ದೂರು ಕೊಡು, ಸಾಕ್ಷಿ ತಾ, ಪಂಚಾಯ್ತಿ ಮುಗಿಯಲಿ, ಆಮೇಲೆ ನೋಡೋಣ. ಅಷ್ಟರವರೆಗೆ ಅವಳು ಹೊಡೆಯುವವನ ಮನೆಯಲ್ಲೇ ಮಲಗಬೇಕು.

ಅಲ್ಲಿ ಎಲ್ಲವೂ ಚೆಂದವೆಂದು ತಿಳಿಯಬೇಡಿ. ಹಿಂಸೆಯಿಂದ ಓಡಿಬಂದವಳನ್ನೂ ಮನೆಯಿಲ್ಲದವಳೆಂದು ಕಾಯಿದೆ ಎಣಿಸುತ್ತದೆ. ಆದರೆ ಖಾಯಂ ಆರೈಕೆಮನೆಗೆ ಕುಟುಂಬದಲ್ಲೊಬ್ಬರಿಗಾದರೂ ಅಂಗವೈಕಲ್ಯವೋ ದೀರ್ಘ ಕಾಯಿಲೆಯೋ ಇರಬೇಕು. ಬರೀ ಹೊಡೆತ ತಿಂದವಳಿಗೆ ಸಿಕ್ಕುವ ಇನ್ನೊಂದು ಬಗೆಯ ಬಾಡಿಗೆ ನೆರವು ಹೆಚ್ಚೆಂದರೆ 24 ತಿಂಗಳು. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಕೇಂದ್ರದ ಬಾಡಿಗೆ ನೆರವು ಮುಟ್ಟುವುದು ಸುಮಾರು ಒಂದಕ್ಕೆ, ಉಳಿದವರು ಸಾಲಿನಲ್ಲಿ. 2025ರ ಜುಲೈಯಲ್ಲಂತೂ 'ಮೊದಲು ಮನೆ' ನೀತಿಗೆ ಬೆಂಬಲ ನಿಲ್ಲಿಸಬೇಕೆಂದು ಅಧ್ಯಕ್ಷರ ಆದೇಶವೇ ಹೊರಟಿತು. ಆದರೂ ಒಂದು ಒಳ್ಳೆಯದನ್ನು ಹೇಳಲೇಬೇಕು. ಗಲಾಟೆಯ ಮನೆಯೆಂದು ಹೊಡೆತ ತಿಂದವಳನ್ನೇ ಮನೆ ಬಿಡಿಸುವ ರೂಢಿ ಅಲ್ಲೂ ಇತ್ತು. ಸರ್ಕಾರದ ನೆರವಿನ ಮನೆಗಳಲ್ಲಿ ಹಾಗೆ ಮಾಡಕೂಡದೆಂದು 2005ರಲ್ಲಿ ಕಾಯಿದೆಯಾಯಿತು, 2013ರಲ್ಲಿ ಇನ್ನಷ್ಟು ಯೋಜನೆಗಳಿಗೆ ಹಬ್ಬಿತು. ಕರಾರಿನಿಂದ ಹೊಡೆದವನನ್ನು ತೆಗೆದು ಅವಳನ್ನು ಉಳಿಸಬಹುದು.

ನಮ್ಮಲ್ಲೇನಿದೆ? ಸ್ವಾಧಾರ ಗೃಹ ಎನ್ನುತ್ತಿದ್ದುದು 2022ರ ಮಿಷನ್ ಶಕ್ತಿಯಲ್ಲಿ ಶಕ್ತಿ ಸದನವಾಗಿದೆ. ಅದು ತಂಗುದಾಣ, ತನ್ನದೇ ಬೀಗವಿರುವ ಮನೆಯಲ್ಲ. ಆದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯ 19ನೇ ಕಲಮನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಅವಳನ್ನು ಮನೆಯಿಂದ ಹೊರಹಾಕದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಅಗತ್ಯಬಿದ್ದರೆ, ಅವಳಿದ್ದ ಮಟ್ಟದ್ದೇ ಬೇರೆ ಮನೆ ಒದಗಿಸು, ಇಲ್ಲವೇ ಅದರ ಬಾಡಿಗೆ ಕೊಡು ಎಂದು ಅವನಿಗೆ ಆದೇಶ ಮಾಡಬಹುದು. ಬಾಡಿಗೆ ಎಂಬ ಮಾತೇ ಅಲ್ಲಿದೆ! ಮನೆ ಅತ್ತೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು ಎನ್ನುವವರಿಗೆ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ: ಅವಳು ಸೊಸೆಯಾಗಿ ಬಾಳಿದ ಮನೆ ಗಂಡನ ಹೆಸರಿನಲ್ಲೇ ಇರಬೇಕೆಂದಿಲ್ಲ.

ಕೋರ್ಟಿನ ಆದೇಶಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಡ್ವಾನ್ಸು ಇವತ್ತೇ ಬೇಕು. ನಮ್ಮ ಸಂಘಗಳು ಮಗಳ ಮದುವೆಗೆ ಸಾಲ ಕೊಡುತ್ತವೆ. ಆ ಸಾಲದಲ್ಲಿ ಎಷ್ಟು ಪಾಲು ವರದಕ್ಷಿಣೆಗೆ ಹೋಗುತ್ತದೆಂದು ಲೆಕ್ಕ ಬರೆಯುವವರಿಗೂ ಗೊತ್ತು. ಬಿಟ್ಟುಬಂದ ಮಗಳ ಮನೆ ಅಡ್ವಾನ್ಸಿಗೆ ಎಂದು ಯಾವ ಸಂಘದ ಪುಸ್ತಕದಲ್ಲಾದರೂ ಒಂದು ಸಾಲು ಬರೆದಿದೆಯೇ? ಬರೆದಿದ್ದರೆ ಕೈ ಎತ್ತಿ. ನಾಚಿಕೊಳ್ಳಬೇಡಿ, ನಾನೇ ಬಸ್ಸು ಹತ್ತಿಸಿದವಳು.

ಮ್ಯಾಜಿಸ್ಟ್ರೇಟರಿಗೆ ಕೊಡುವ ಅರ್ಜಿಯ ನಮೂನೆ ತಂದಿದ್ದೇನೆ. ವಾಸದ ಆದೇಶ ಕೇಳುವ ಜಾಗವನ್ನು ಖಾಲಿ ಬಿಟ್ಟುಬಿಡುವುದೇ ಹೆಚ್ಚು. ನಿಮ್ಮೂರಲ್ಲಿ ಒಂದು ಕೋಣೆ, ಅಡುಗೆಮನೆಗೆ ಬಾಡಿಗೆ ಎಷ್ಟೆಂದು ಒಬ್ಬೊಬ್ಬರೇ ಹೇಳಿ. ಓದುಬರಹ ಬಲ್ಲವರು ಮುಂದಕ್ಕೆ ಬನ್ನಿ, ಒಂದು ನಮೂನೆಯನ್ನು ಈಗಲೇ ತುಂಬಿ ನೋಡೋಣ.