ಮರಳಿಗೊಂದು ಹಿಡಿತ



ಪೀತಮ್‌ಪುರದ ಈ ದಿಲ್ಲಿ ಹಾಟ್‌ನಲ್ಲಿ ಮಣ್ಣು ಮತ್ತು ಗೋಧಿಯ ಪ್ರದರ್ಶನ ತೆರೆಯಲು ನನ್ನನ್ನು ಕರೆದಿದ್ದೀರಿ. 

ನಾನು ಧಾರವಾಡ ಸೀಮೆಯವನು. ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಗೋಧಿ ಬಿತ್ತಿದರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಪೈರು ಕೈಗೆ ಬರುವುದುಂಟು. ಇಲ್ಲಿಂದ ಪಶ್ಚಿಮಕ್ಕೆ, ಹರಿಯಾಣದ ಭಿವಾನಿ, ಮಹೇಂದ್ರಗಢದ ಕಡೆ ಆ ಭಾಗ್ಯವಿಲ್ಲ. ಅಲ್ಲಿಯ ಮರಳು ಮಣ್ಣಿನಲ್ಲಿ ಜೇಡಿ ಕಡಿಮೆ, ಸಾವಯವ ಅಂಶ ಇನ್ನೂ ಕಡಿಮೆ. ನೀರೂ ನಿಲ್ಲದು, ಗೊಬ್ಬರವೂ ನಿಲ್ಲದು. ಹಾಕಿದ ಯೂರಿಯಾ ನೈಟ್ರೇಟ್ ಆಗಿ ನೀರಿನೊಂದಿಗೆ ಬೇರಿನ ಆಚೆಗೆ ಇಳಿಯುತ್ತದೆ. ರೈತನ ದುಡ್ಡೂ ಹೋಯಿತು, ಅಂತರ್ಜಲವೂ ಕೆಟ್ಟಿತು.

ಆದ್ದರಿಂದ ಮರಳಿನಲ್ಲಿ ಗೊಬ್ಬರ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದು ದೊಡ್ಡದು. ನೀರಾವರಿ ಗೋಧಿಗೆ ಹೆಕ್ಟೇರಿಗೆ ಸುಮಾರು 120 ಕಿಲೋ ಸಾರಜನಕ ಬೇಕು. ಅದನ್ನು ಮೂರು ಕಂತು ಮಾಡಿ: ಬಿತ್ತನೆಗೊಂದು, 21ನೇ ದಿನದ ಹೊತ್ತಿಗೆ ಮುಕುಟ ಬೇರು ಬಿಡುವಾಗ ಒಂದು, ಎರಡನೆಯ ನೀರಿಗೆ ಮತ್ತೊಂದು. ಮೇಲುಗೊಬ್ಬರವನ್ನು ನೀರು ಹಾಯಿಸಿದ ಮೇಲೆ, ಕಾಲು ಊರುವಷ್ಟು ಹದ ಬಂದಾಗ ಕೊಡಿ. 2015ರಿಂದ ನಮ್ಮ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪನ ಕಡ್ಡಾಯವಾಗಿದೆ. ಅದು ನೈಟ್ರೇಟ್ ಆಗುವ ವೇಗವನ್ನು ತಗ್ಗಿಸುತ್ತದೆ, ಆದರೆ ಕಂತಿನ ಕೆಲಸವನ್ನು ಅದು ಮಾಡಲಾರದು.

ಮರಳಿನಲ್ಲಿ ಕಾಣುವ ಗಂಧಕದ ಕೊರತೆಗೆ ಜಿಪ್ಸಂ ಇದೆ. ಮ್ಯಾಂಗನೀಸ್ ಕೊರತೆಯ ಕತೆ ಬೇರೆ. ಭತ್ತದ ನಂತರ ಹಗುರ ಮಣ್ಣಿನಲ್ಲಿ ಗೋಧಿ ಬಿತ್ತಿದಾಗ ಎಲೆಯ ನರಗಳ ನಡುವೆ ಹಳದಿ ಬೂದು ಚುಕ್ಕೆಗಳು ಮೂಡಬಹುದು. ಸಾರಜನಕ ಸಾಲದೆಂದು ಇನ್ನೊಂದು ಚೀಲ ಯೂರಿಯಾ ಚೆಲ್ಲಿದರೆ ಅದು ವಾಸಿಯಾಗದು. ಮ್ಯಾಂಗನೀಸ್ ಸಲ್ಫೇಟನ್ನು ಮಣ್ಣಿಗೆ ಹಾಕಿದರೆ ಗಾಳಿಯಾಡುವ ಮರಳಿನಲ್ಲಿ ಬೇಗ ಬೇರಿಗೆ ಎಟುಕದ ರೂಪಕ್ಕೆ ತಿರುಗುತ್ತದೆ. ಬದಲಿಗೆ ಅದರ ಶೇ. 0.5ರ ದ್ರಾವಣವನ್ನು ಬಿಸಿಲಿರುವ ದಿನ ಎಲೆಗೇ ಸಿಂಪಡಿಸಬೇಕು.

ನನಗೆ ಎಲ್ಲಕ್ಕಿಂತ ಹತ್ತಿರದ ಮಾತು ಸಾವಯವ ಅಂಶದ್ದು. ನವೆಂಬರ್‌ನಲ್ಲಿ ದೆಹಲಿಯ ಕಣ್ಣು ಉರಿಸುವ ಹೊಗೆಯಲ್ಲಿ ಪಂಜಾಬ್, ಹರಿಯಾಣದ ಹೊಲಗಳಲ್ಲಿ ಸುಟ್ಟ ಭತ್ತದ ಹುಲ್ಲೂ ಇದೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ. ಮರಳಿಗೆ ಹಿಡಿತ ಕೊಡಬೇಕಾದ ವಸ್ತುವನ್ನೇ ನಾವು ಉಸಿರಾಡುತ್ತಿದ್ದೇವೆ! ಸುಡುವ ರೈತನನ್ನು ಬೈದು ಫಲವಿಲ್ಲ. ಭತ್ತದ ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ಅವನಿಗೆ ಸಿಗುವುದು ಎರಡು ಮೂರು ವಾರ. ಹುಲ್ಲಿನ ನಡುವೆಯೇ ಬಿತ್ತುವ ಹ್ಯಾಪಿ ಸೀಡರ್ ಯಂತ್ರ ಅವನಿಗೆ ಸಕಾಲಕ್ಕೆ, ಕೈಗೆಟುಕುವ ಬಾಡಿಗೆಗೆ ಸಿಗಲಿ. ಹುಲ್ಲನ್ನು ಮಣ್ಣಿಗೆ ಸೇರಿಸಿ ಉತ್ತವರು ಬಿತ್ತನೆಯ ಕಂತನ್ನು ತಪ್ಪಿಸಬಾರದು. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಮೊದಮೊದಲು ಸಾರಜನಕವನ್ನು ತಾವೇ ಎಳೆದುಕೊಂಡು ಪೈರನ್ನು ಹಳದಿಯಾಗಿಸುತ್ತವೆ.

ನಿಮ್ಮ ಮಣ್ಣಿನಲ್ಲಿ ಯಾವುದು ಕೊರತೆ ಎಂದು ಹೇಳುವ ಮಣ್ಣು ಆರೋಗ್ಯ ಚೀಟಿಯ ಯೋಜನೆ 2015ರ ಫೆಬ್ರವರಿ 19ರಂದು ಶುರುವಾದದ್ದು ರಾಜಸ್ಥಾನದ ಸೂರತ್‌ಗಢದಲ್ಲಿ, ಮರಳ ಸೀಮೆಯಲ್ಲೇ. ಆ ಚೀಟಿ ಮನೆಯಲ್ಲಿದ್ದರೆ ಇಲ್ಲಿಯ ಮಣ್ಣು ಪರೀಕ್ಷೆಯ ಮಳಿಗೆಗೆ ತನ್ನಿ. ಪಕ್ಕದಲ್ಲೇ ಎರಡು ಗಾಜಿನ ಕೊಳವೆಗಳಿವೆ: ಒಂದರಲ್ಲಿ ಬರಿ ಮರಳು, ಇನ್ನೊಂದರಲ್ಲಿ ಕೊಟ್ಟಿಗೆ ಗೊಬ್ಬರ ಬೆರೆಸಿದ ಮರಳು. ಎರಡಕ್ಕೂ ಒಂದೇ ಅಳತೆಯ ನೀರು ಸುರಿದು, ಕೆಳಗೆ ಎಷ್ಟು ಬಂತೆಂದು ಮಕ್ಕಳ ಕೈಯಲ್ಲಿ ಅಳೆಸಿ. ಪ್ರದರ್ಶನ ತೆರೆದಿದೆ, ಬನ್ನಿ.