ತೋಟಾದ ಆಯುಷ್ಯ

ಕನ್ನಡದ ಅಧ್ಯಾಪಕನಾಗಿದ್ದವನು ಪಿಸ್ತೂಲಿನ ತೋಟಾಗಳನ್ನು ಕುರಿತು ಮಾತನಾಡಲು ಹೊರಟಿರುವುದು ತಮಗೆ ವಿಚಿತ್ರವೆನಿಸಬಹುದು. ಸೇನೆಯ ನಂಟಾಗಲಿ, ಬೇಟೆಯ ಹವ್ಯಾಸವಾಗಲಿ ನನಗಿಲ್ಲ. ಅರುವತ್ತು ದಾಟಿದ ಈ ವಯಸ್ಸಿನವರೆಗೆ ಪಿಸ್ತೂಲನ್ನು ಕೈಯಿಂದ ಮುಟ್ಟಿದವನೂ ಅಲ್ಲ. ಈ ವಿಷಯ ನನ್ನ ಬಳಿಗೆ ತರಗತಿಯ ಬಾಗಿಲಿನಿಂದಲೇ ಬಂದಿತು.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಅನಂತರ ಪತ್ರಿಕೆಗಳಲ್ಲಿ ಒಂದು ಅಂಕಿ ಮತ್ತೆ ಮತ್ತೆ ಕಾಣಿಸಿಕೊಂಡಿತು: 7.65. ವಚನಗಳ ಪಾಠದ ನಡುವೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಏಳು ಬಿಂದು ಆರು ಐದು ಅಂದರೆ ಏನು?" ಎಂದು ಕೇಳಿದಳು. ಹಳಗನ್ನಡದ ಕ್ಲಿಷ್ಟ ಪದಗಳಿಗೆ ಅರ್ಥ ಹೇಳುತ್ತಿದ್ದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದುಕೊಂಡುದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ತೋಟಾ ಎಂದರೆ ಹಿತ್ತಾಳೆಯ ಒಂದು ಪುಟ್ಟ ಕೊಳವೆ. ತಳದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕಾರುವ ರಂಜಕ, ಒಡಲಲ್ಲಿ ಮದ್ದು, ಬಾಯಲ್ಲಿ ಗುಂಡು. ಅದರ ಹೆಸರಿನಲ್ಲಿರುವ ಅಂಕಿ ಸಾಮಾನ್ಯವಾಗಿ ಗುಂಡಿನ ದಪ್ಪವನ್ನು ಸೂಚಿಸುತ್ತದೆ, ಅಂಗುಲದ ಲೆಕ್ಕದಲ್ಲಿ.45, .32 ಎಂದೂ, ಮಿಲಿಮೀಟರಿನ ಲೆಕ್ಕದಲ್ಲಿ 9, 7.65 ಎಂದೂ ಹೇಳುವುದು ವಾಡಿಕೆ. ಒಂದು ತೋಟಾಕ್ಕೆಂದು ಮಾಡಿದ ಆಯುಧ ಸಾಮಾನ್ಯವಾಗಿ ಇನ್ನೊಂದನ್ನು ಒಲ್ಲದು. ಆದುದರಿಂದ ತೋಟಾದ ತಯಾರಿಕೆ ನಿಂತರೆ, ಎಷ್ಟೇ ಚೆಂದದ ಪಿಸ್ತೂಲಾದರೂ ಮೂಕವಾಗುತ್ತದೆ.

ಹೆಚ್ಚು ಬಲವುಳ್ಳದ್ದು ಹೆಚ್ಚು ಕಾಲ ಬಾಳುತ್ತದೆಂದು ನಾನು ಭಾವಿಸಿದ್ದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಬ್ರಿಟಿಷ್ ಸೇನೆ ವೆಬ್ಲಿ ರಿವಾಲ್ವರಿನಲ್ಲಿ .455 ಎಂಬ ಭಾರವಾದ ತೋಟಾವನ್ನು ಬಳಸುತ್ತಿತ್ತು. ಅದರ ಬಲವನ್ನು ಯಾರೂ ಸಂದೇಹಿಸಲಿಲ್ಲ. ಆದರೆ ಮೊದಲನೆಯ ಮಹಾಯುದ್ಧಕ್ಕೆ ಅವಸರದಲ್ಲಿ ಸೇರಿಸಿಕೊಂಡ ಎಳೆಯರಿಗೆ ಅದರ ಒದೆತವನ್ನು ತಾಳಿ ಗುರಿಯಿಡಲು ಕಲಿಸುವುದು ಕಷ್ಟವಾಯಿತು. 1932ರಲ್ಲಿ ಸೇನೆ ಹಗುರವಾದ .38ಕ್ಕೆ ಇಳಿಯಿತು. ಸಾಮ್ರಾಜ್ಯದ ಸೇನೆಯೇ ಮುಖ್ಯ ಗಿರಾಕಿಯಾಗಿದ್ದ .455 ಕ್ರಮೇಣ ಮೂಲೆ ಸೇರಿತು. ಏಕಮಾತ್ರ ಆಶ್ರಯದಾತನನ್ನು ನಂಬಿದ ಆಸ್ಥಾನಕವಿಯ ಪಾಡು ಅದರದಾಯಿತು.

ಇನ್ನೊಂದು ಕಥೆ ನಮ್ಮ ಕಾಲದ್ದೇ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಎಫ್.ಬಿ.ಐ.ನ ಇಬ್ಬರು ಅಧಿಕಾರಿಗಳು ಸತ್ತರು. ದರೋಡೆಕೋರನೊಬ್ಬನಿಗೆ ಮೊದಲೇ ತಗುಲಿದ್ದ 9 ಮಿಲಿಮೀಟರ್ ಗುಂಡು ಹೃದಯವನ್ನು ಮುಟ್ಟದೆ ಸಮೀಪದಲ್ಲಿಯೇ ನಿಂತಿತ್ತು. ಅಪವಾದ ತೋಟಾದ ಮೇಲೆ ಬಂದಿತು. ಸಂಸ್ಥೆ 10 ಮಿಲಿಮೀಟರಿನ ಬಲಿಷ್ಠ ತೋಟಾವನ್ನು ಆರಿಸಿತು. ಅದು ಹಲವರ ಕೈಗೆ ಬಿರುಸಾಯಿತು. ಅದರ ಬಲವನ್ನು ತಗ್ಗಿಸಿ, ಒಡಲನ್ನು ಮೊಟಕುಗೊಳಿಸಿ 1990ರಲ್ಲಿ .40 ಎಂಬ ಹೊಸ ತೋಟಾವನ್ನು ಹೊರತಂದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಪೊಲೀಸರಲ್ಲಿ ಬಹುಮಂದಿ ಅದನ್ನು ಸ್ವೀಕರಿಸಿದರು. ಅಷ್ಟರಲ್ಲಿ ಗುಂಡುಗಳ ರಚನೆಯೇ ಸುಧಾರಿಸಿ, 9 ಮಿಲಿಮೀಟರೂ ಸಮನಾದ ಕೆಲಸ ಮಾಡತೊಡಗಿತು. ಒದೆತ ಕಡಮೆ, ಪಿಸ್ತೂಲಿನಲ್ಲಿ ಹಿಡಿಸುವ ಸಂಖ್ಯೆ ಹೆಚ್ಚು. 2014ರಲ್ಲಿ ಎಫ್.ಬಿ.ಐ.ನ ತರಬೇತಿ ವಿಭಾಗವೇ ಹಳೆಯದಕ್ಕೆ ಮರಳುವುದು ಲೇಸೆಂದಿತು. ಭಯದಿಂದ ಹುಟ್ಟಿದ ತೋಟಾಕ್ಕೆ ಭಯ ಕಳೆದ ಮೇಲೆ ಆಧಾರ ತಪ್ಪಿತು.

ಹೀಗೆ ಮತ್ತೆ ಗೆದ್ದ 9 ಮಿಲಿಮೀಟರ್ ತೋಟಾ ಹುಟ್ಟಿದ್ದು 1902ರಲ್ಲಿ. ರೂಪಿಸಿದವನು ಗಿಯೋರ್ಗ್ ಲೂಗರ್. ಅದರ ಹೆಸರು ಪ್ಯಾರಬೆಲ್ಲಮ್. ಲ್ಯಾಟಿನ್ ಭಾಷೆಯಲ್ಲಿ 'ಯುದ್ಧಕ್ಕೆ ಸಿದ್ಧನಾಗು' ಎಂದರ್ಥ. ಮೊದಲು ಜರ್ಮನಿಯ ನೌಕಾಪಡೆ, 1908ರಲ್ಲಿ ಭೂಸೇನೆ, ಮುಂದೆ ಅದರ ಶತ್ರುಗಳೂ ಅದನ್ನೇ ಹಿಡಿದರು. 1911ರಿಂದ .45ನ್ನು ನಂಬಿದ್ದ ಅಮೆರಿಕದ ಸೇನೆಯೂ 1985ರಲ್ಲಿ ಮಿತ್ರರಾಷ್ಟ್ರಗಳೊಡನೆ ಏಕರೂಪತೆಗಾಗಿ 9ಕ್ಕೆ ಬಂದಿತು. ಹಳೆಯ ಪಿಸ್ತೂಲಿನಲ್ಲಿ 7 ತೋಟಾ ಹಿಡಿಸುತ್ತಿದ್ದ ಜಾಗದಲ್ಲಿ ಹೊಸದರಲ್ಲಿ 15 ಹಿಡಿಸಿದವು. ಹೆಚ್ಚು ಮಂದಿ ಕೊಂಡದ್ದರಿಂದ ಅಗ್ಗವಾಯಿತು; ಅಗ್ಗವಾದುದರಿಂದ ಇನ್ನಷ್ಟು ಮಂದಿ ಕೊಂಡರು. ಬಳಕೆಯೇ ಬಳಕೆಯನ್ನು ಬೆಳೆಸುವ ಈ ರೀತಿ ಭಾಷೆಯನ್ನು ಬಲ್ಲವರಿಗೆ ಹೊಸದಲ್ಲ.

ಇನ್ನು ಆ ವಿದ್ಯಾರ್ಥಿನಿ ಕೇಳಿದ 7.65. ಅಂಗುಲದ ಲೆಕ್ಕದಲ್ಲಿ ಇದನ್ನೇ .32 ಎನ್ನುತ್ತಾರೆ. 1899ರಲ್ಲಿ ಇದನ್ನು ರೂಪಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ಇದಕ್ಕೆ ತಕ್ಕ ಪಿಸ್ತೂಲನ್ನು ತಯಾರಿಸಿದ್ದು ಬೆಲ್ಜಿಯಂನ ಕಾರ್ಖಾನೆ. ಆ ಪಿಸ್ತೂಲು ಎಷ್ಟು ಹರಡಿತೆಂದರೆ, ಫ್ರೆಂಚ್ ಭಾಷೆಯಲ್ಲಿ 'ಬ್ರೌನಿಂಗ್' ಎಂಬ ಅಂಕಿತನಾಮ ಪಿಸ್ತೂಲಿಗೆ ರೂಢನಾಮವಾಯಿತು. ಇದು ಬಲದಿಂದ ಗೆದ್ದುದಲ್ಲ. ಸಣ್ಣದು, ಒದೆತ ಅಲ್ಪ, ಜೇಬಿನಲ್ಲಿ ಅಡಗುವಂಥದು. ಯೂರೋಪಿನ ಅನೇಕ ಪೊಲೀಸ್ ಪಡೆಗಳು ದಶಕಗಳ ಕಾಲ ಇದನ್ನು ಬಳಸಿದವು. 1970ರ ದಶಕದಲ್ಲಿ ಜರ್ಮನಿಯ ಪೊಲೀಸರು ಇದು ಸಾಲದೆಂದು 9 ಮಿಲಿಮೀಟರಿನತ್ತ ಹೊರಳಿದರು. ಇಷ್ಟಕ್ಕೆ ಇದರ ಕಾಲ ಮುಗಿಯುತ್ತ ಬಂದಿತೆನ್ನಬಹುದಾಗಿತ್ತು.

ಆದರೆ ನಮ್ಮ ದೇಶದಲ್ಲಿ ಇದನ್ನು ಕಾನೂನು ಕಾಪಾಡಿತು. 1959ರ ಶಸ್ತ್ರಾಸ್ತ್ರ ಅಧಿನಿಯಮವನ್ನು ಅನುಸರಿಸಿ ಬಂದ ನಿಯಮಗಳ ಪ್ರಕಾರ, ಸೇನೆಯ 9 ಮಿಲಿಮೀಟರ್, .380, .455 ತೋಟಾಗಳನ್ನು ಹಾರಿಸಬಲ್ಲ ಪಿಸ್ತೂಲು ರಿವಾಲ್ವರುಗಳು ನಿಷೇಧಿತ ವರ್ಗಕ್ಕೆ ಸೇರಿದವು. ಸೇನೆಯ ಮದ್ದುಗುಂಡು ಊರಿನೊಳಕ್ಕೆ ಸೋರಬಾರದೆಂಬುದು ಆಶಯ, ಒಪ್ಪತಕ್ಕದ್ದೇ. ಪರವಾನಗಿ ಪಡೆದ ಸಾಮಾನ್ಯ ನಾಗರಿಕನಿಗೆ ಉಳಿದದ್ದು ಮುಖ್ಯವಾಗಿ .32. ಅದಕ್ಕೆಂದು ಸರ್ಕಾರಿ ಕಾರ್ಖಾನೆಯೇ ಒಂದು ಪಿಸ್ತೂಲನ್ನು ತಯಾರಿಸಿತು, ಹೆಸರು 'ಅಶನಿ'. ಹಳೆಯ ಕಾವ್ಯಗಳಲ್ಲಿ ಸಿಡಿಲಿಗೆ ಬರುವ ಈ ಶಬ್ದಕ್ಕೆ ವಿದ್ಯಾರ್ಥಿಗಳ ಹಾಳೆಯ ಅಂಚಿನಲ್ಲಿ ಅರ್ಥ ಬರೆಸುತ್ತಿದ್ದೆ. ಅದು ಈ ರೂಪದಲ್ಲಿ ಬದುಕಿದೆಯೆಂದು ನನಗೆ ತಿಳಿದಿರಲಿಲ್ಲ.

ತೋಟಾ ದೊರೆಯುವ ಕಡೆ ಕಳ್ಳ ಕುಲುಮೆಯವನೂ ಅದಕ್ಕೆ ಒಪ್ಪುವ ನಳಿಗೆಯನ್ನೇ ಮಾಡುತ್ತಾನೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಕೊಂದರು. ಅಲ್ಲಿ ಸಿಕ್ಕ ತೋಟಾಗಳನ್ನೂ ಧಾರವಾಡದಲ್ಲಿ ಸಿಕ್ಕವನ್ನೂ ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡೂ ಒಂದೇ 7.65 ಮಿಲಿಮೀಟರ್ ನಾಡ ಪಿಸ್ತೂಲಿನಿಂದ ಹಾರಿದವೆಂದು ತಿಳಿಸಿತು.

ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟು. ಅದು 1899ರಲ್ಲಿ ಹುಟ್ಟಿದ ಒಂದು ತೋಟಾದ ಅಳತೆ. ಅದು ಉಳಿದದ್ದು ಶ್ರೇಷ್ಠವೆಂದಲ್ಲ. ಸಣ್ಣದಾದುದರಿಂದ, ಸುಲಭವಾದುದರಿಂದ, ಎತ್ತಿಕೊಳ್ಳುವ ಕೈಗಳು ತಪ್ಪದೆ ಇದ್ದುದರಿಂದ. ಉಳಿದದ್ದೆಲ್ಲವೂ ಉತ್ತಮವೆಂಬ ನಂಬಿಕೆ ನಮ್ಮಂಥ ಸಾಹಿತ್ಯದ ಅಧ್ಯಾಪಕರಲ್ಲಿ ಬಲವಾಗಿರುತ್ತದೆ. ಆ ನಂಬಿಕೆಯನ್ನು ನಾನು ಈ ಓದಿನಲ್ಲಿ ಕಳೆದುಕೊಂಡೆ.

ಕಲಬುರ್ಗಿಯವರು ಬಾಳಿನುದ್ದಕ್ಕೂ ಶಾಸನಗಳನ್ನೂ ವಚನಗಳ ಹಸ್ತಪ್ರತಿಗಳನ್ನೂ ಶೋಧಿಸಿದವರು. ವಚನಗಳು ನಮ್ಮವರೆಗೆ ಬಂದದ್ದೂ ತಾವಾಗಿಯೇ ಅಲ್ಲ. ಹೆಸರಿಲ್ಲದ ಎಷ್ಟೋ ಜನ ಓಲೆಗರಿಯ ಮೇಲೆ ಮತ್ತೆ ಮತ್ತೆ ನಕಲು ಮಾಡಿದ್ದರಿಂದ. ಉಳಿಸುವುದು ಎರಡು ಕಡೆಯೂ ಕೈಯೇ. ಹಾಗಿರುವಾಗ ನಮ್ಮ ಮಕ್ಕಳ ಕೈ ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಕಾಲಕ್ಕೆ ಬಿಟ್ಟು ಕುಳಿತುಕೊಳ್ಳುವಂತಿಲ್ಲ. ಅದನ್ನು ನಾವೇ, ಮನೆಯಲ್ಲಿಯೂ ತರಗತಿಯಲ್ಲಿಯೂ ಕಲಿಸಬೇಕು.